ಸೋತ ತಂಡದವರೂ ಮರುದಿನ ಚಹಾಕ್ಕೆ ಬರುವಂತೆ ಫುಟ್‌ಬಾಲ್ ಹರಟೆ ನಡೆಸುವ ಬಗೆ

ಕಲಬುರಗಿಯ ಸ್ಟೇಷನ್ ರಸ್ತೆಯ ಒಂದು ಚಹಾದ ಅಂಗಡಿಯ ಮುಂದೆ ಪ್ರತಿ ರವಿವಾರ ಬೆಳಿಗ್ಗೆ ಏಳೂವರೆಯ ಹೊತ್ತಿಗೆ ನಾವು ಎಂಟು ಹತ್ತು ಮಂದಿ ಸೇರುತ್ತೇವೆ. ತೊಗರಿ ವ್ಯಾಪಾರದ ಕಾಕಾ ಒಬ್ಬರಿದ್ದಾರೆ, ಗ್ಯಾರೇಜ್ ನಡೆಸುವ ಭಾಯಿ ಇದ್ದಾರೆ, ನಿವೃತ್ತ ಶಾಲಾ ಮಾಸ್ತರರಿದ್ದಾರೆ, ಪದವಿ ಓದುತ್ತಿರುವ ಇಬ್ಬರು ಹುಡುಗರಿದ್ದಾರೆ. ಹಿಂದಿನ ರಾತ್ರಿ ಇಂಗ್ಲೆಂಡಿನಲ್ಲೋ ಸ್ಪೇನಿನಲ್ಲೋ ನಡೆದ ಪಂದ್ಯದಿಂದ ಮಾತು ಆರಂಭವಾಗುತ್ತದೆ. ಗೆದ್ದವರು ಸೋತವರ ಕಾಲೆಳೆಯುತ್ತಾರೆ, ಸೋತವರು ತಿರುಗಿ ಉತ್ತರ ಕೊಡುತ್ತಾರೆ, ಎರಡನೇ ಚಹಾದ ಹೊತ್ತಿಗೆ ಅದೇ ಮಾತು ಮಗಳ ಪಿಯುಸಿ ಫಲಿತಾಂಶಕ್ಕೋ ಬತ್ತಿದ ಬೋರ್‌ವೆಲ್ಲಿಗೋ ಬಂದು ನಿಲ್ಲುತ್ತದೆ. ನಮ್ಮ ಕಡೆ ಈ ಕಾಲೆಳೆತಕ್ಕೆ ಮಷ್ಕಿರಿ ಎನ್ನುತ್ತಾರೆ.

ಇಂಥ ಕೂಟವೊಂದನ್ನು ಕಟ್ಟುವುದು ಸುಲಭ, ಅದನ್ನು ಮುರಿಯದಂತೆ ವರ್ಷಗಟ್ಟಲೆ ನಡೆಸಿಕೊಂಡು ಹೋಗುವುದು ಕಷ್ಟ. ಕಲಬುರಗಿ, ಬೀದರ, ಯಾದಗಿರಿಯ ಯಾವುದೇ ಓಣಿಯಲ್ಲಿ ನಾಲ್ಕು ಮಂದಿ ಫುಟ್‌ಬಾಲ್ ಪ್ರೇಮಿಗಳು ಸೇರಿ ಹೀಗೆ ಕೂರಬೇಕೆಂದು ಬಯಸಿದರೆ ಅವರಿಗೆ ನೆರವಾಗಲೆಂದು ನಾವು ಅನುಭವದಿಂದ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹರಟೆ ಚೆನ್ನಾಗಿ ನಡೆಯಿತೋ ಇಲ್ಲವೋ ಎಂಬುದನ್ನು ನಾನು ಅಳೆಯುವುದು ಒಂದೇ ಗುರುತಿನಿಂದ: ಅತಿ ಹೆಚ್ಚು ಮಷ್ಕಿರಿಗೆ ಗುರಿಯಾದವರು ಮುಂದಿನ ರವಿವಾರ ತಾವಾಗಿಯೇ ಬಂದು ಕುಳಿತರೆ ಅದು ಚೆನ್ನಾಗಿ ನಡೆದಿದೆ. ಅವರು ಬಾರದಿದ್ದರೆ, ಉಳಿದವರೆಲ್ಲ ಎಷ್ಟೇ ನಕ್ಕಿದ್ದರೂ, ಅದು ಕೆಟ್ಟಿದೆ.

ಮೊದಲು ಗಡಿಯಾರ, ಆಮೇಲೆ ಮಾತು

ಎಲ್ಲರೂ ಒಂದೇ ಪಂದ್ಯವನ್ನು ನೋಡಿರಬೇಕಾದರೆ ಅದು ನಮ್ಮಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಮಾರ್ಚ್ ತಿಂಗಳ ಕೊನೆಯ ರವಿವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರಿನ ಕೊನೆಯ ರವಿವಾರ ಹಿಂದಕ್ಕೆ ತರುತ್ತಾರೆ. ಹೀಗಾಗಿ ಅಲ್ಲಿಯ ಶನಿವಾರ ಮಧ್ಯಾಹ್ನ ಮೂರರ ಪಂದ್ಯ ಆಗಸ್ಟ್, ಸೆಪ್ಟೆಂಬರಿನಲ್ಲಿ ನಮಗೆ ಸಂಜೆ 7.30ಕ್ಕೆ ಸಿಕ್ಕರೆ, ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ 8.30ಕ್ಕೆ ಸಿಗುತ್ತದೆ. ಯುರೋಪಿನ ಚಾಂಪಿಯನ್ಸ್ ಲೀಗಿನ ರಾತ್ರಿ ಒಂಬತ್ತರ ಪಂದ್ಯಗಳು ಬೇಸಿಗೆಯ ಲೆಕ್ಕದಲ್ಲಿ ನಡುರಾತ್ರಿ 12.30ಕ್ಕೆ, ಚಳಿಗಾಲದ ಲೆಕ್ಕದಲ್ಲಿ 1.30ಕ್ಕೆ ಬರುತ್ತವೆ. ಪ್ರತಿ ವರ್ಷ ನವೆಂಬರಿನ ಮೊದಲ ವಾರ ಯಾರಾದರೊಬ್ಬರು ಒಂದು ತಾಸು ಮೊದಲೇ ಟಿವಿ ಹಚ್ಚಿಕೊಂಡು ಕುಳಿತು ಬೇಸರಪಡುವುದನ್ನು ನೋಡಿದ್ದೇನೆ; ಅಕ್ಟೋಬರ್ ಕೊನೆಯಲ್ಲಿ ಒಬ್ಬರು ಎಲ್ಲರಿಗೂ ನೆನಪು ಮಾಡುವ ಹೊಣೆ ಹೊತ್ತುಕೊಳ್ಳಿರಿ.

ಸಂಜೆಯ ಪಂದ್ಯವನ್ನು ಕೂಡಿ ನೋಡಬಹುದು. ನಡುರಾತ್ರಿಯ ಪಂದ್ಯವನ್ನು ಅವರವರ ಮನೆಯಲ್ಲಿ, ಧ್ವನಿ ಕಡಿಮೆ ಮಾಡಿಕೊಂಡು ನೋಡುವುದು ಮೇಲು, ಏಕೆಂದರೆ ಆ ಹೊತ್ತಿನಲ್ಲಿ ಒಂದು ಗೋಲಿನ ಕೂಗಿಗೆ ಓಣಿಯ ಕೂಸುಗಳೆಲ್ಲ ಎದ್ದು ಅಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುವುದು ರೂಢಿ. ಯುರೋಪಿನ ಋತು ಮುಗಿಯುವುದೂ ಅದೇ ದಿನಗಳಲ್ಲಿ. ಆಗ ಯಾರದಾದರೂ ಮನೆಯ ಮಾಳಿಗೆಯ ಮೇಲೆ ಟಿವಿ ಏರಿಸಿ, ಮಣ್ಣಿನ ಹರವಿಯಲ್ಲಿ ನೀರು ಇಟ್ಟುಕೊಂಡು ನೋಡುವ ಸುಖವೇ ಬೇರೆ. ಆದರೆ ಆ ಮನೆಯ ಹಿರಿಯರನ್ನೂ ಎಡಬಲದ ಮನೆಯವರನ್ನೂ ಮುಂಚಿತವಾಗಿ ಕೇಳಿಕೊಂಡಿರಬೇಕು.

ಕೂಡಿ ನೋಡುವಾಗ ಎಲ್ಲರೂ ಒಂದೇ ಪರದೆಯನ್ನು ನೋಡಬೇಕು. ಮೊಬೈಲಿನ ನೇರ ಪ್ರಸಾರವೂ ಟಿವಿಯ ಪ್ರಸಾರವೂ ಒಂದೇ ಕ್ಷಣಕ್ಕೆ ಬರುವುದಿಲ್ಲ, ಅವುಗಳ ನಡುವೆ ಅನೇಕ ಸೆಕೆಂಡುಗಳ ಅಂತರವಿರುತ್ತದೆ. ಒಬ್ಬರು ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಅಂಕ ನೋಡುತ್ತ ಮೊದಲೇ ನಕ್ಕುಬಿಟ್ಟರೆ ಉಳಿದವರ ಪಾಲಿಗೆ ಆ ಪೆನಾಲ್ಟಿ ಸತ್ತಂತೆಯೇ. ಅಂಕ ತಿಳಿಸುವ ಸೂಚನೆಗಳನ್ನು ಆ ಎರಡು ತಾಸು ಬಂದ್ ಮಾಡಿಡಿರಿ. ಮರುದಿನ ಬೆಳಿಗ್ಗೆಯೂ ಅಷ್ಟೇ, ಬಂದವರಿಗೆ ಮೊದಲು "ನೋಡೀರೇನ್ರೀ?" ಎಂದು ಕೇಳಿ, "ಇಲ್ಲ, ಮನಿಗಿ ಹೋಗಿ ನೋಡ್ತೀನಿ" ಎಂದರೆ ಅವರು ಎದ್ದು ಹೋಗುವವರೆಗೂ ಬೇರೆ ಪಂದ್ಯದ ಮಾತಾಡಬೇಕು.

ನಾವು ತಪ್ಪಿದ ಒಂದು ವಾರ

ಮುಂದಿನ ನಿಯಮಗಳೆಲ್ಲ ಒಂದು ತಪ್ಪಿನಿಂದ ಹುಟ್ಟಿದವು, ಆದ್ದರಿಂದ ಅದನ್ನು ಮೊದಲು ಹೇಳುತ್ತೇನೆ. 2023ರ ಮಾರ್ಚ್ 5ರ ರಾತ್ರಿ ಲಿವರ್‌ಪೂಲ್ ತಂಡ ತನ್ನ ಅಂಗಳದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 7–0 ಗೋಲುಗಳಿಂದ ಸೋಲಿಸಿತು. ನಮ್ಮ ಕೂಟದಲ್ಲಿ ಯುನೈಟೆಡ್ ಬೆಂಬಲಿಸುವ ಒಬ್ಬ ಯುವಕನಿದ್ದ. ಬಹಳ ಚೆನ್ನಾಗಿ ಮಾತಾಡುವವನು, ಎದುರು ಮಾತಿನಲ್ಲಿ ಎಂದೂ ಸೋಲದವನು. ಆ ರಾತ್ರಿಯಿಂದಲೇ ನಾವೆಲ್ಲ ಅವನ ಮೊಬೈಲಿಗೆ ಏಳು ಬಾಳೆಹಣ್ಣಿನ ಚಿತ್ರ, ಏಳು ಮೆಟ್ಟಿಲಿನ ಚಿತ್ರ ಕಳಿಸತೊಡಗಿದೆವು. ಸೋಮವಾರ ಕಳಿಸಿದೆವು, ಮಂಗಳವಾರವೂ ಕಳಿಸಿದೆವು. ಅವನು ಉತ್ತರಿಸಲಿಲ್ಲ. ಉತ್ತರ ಬಾರದಿರುವುದನ್ನೇ ಇನ್ನೊಂದು ಗೆಲುವೆಂದು ತಿಳಿದು ಬುಧವಾರವೂ ಬಿಡಲಿಲ್ಲ. ಮುಂದಿನ ನಾಲ್ಕು ರವಿವಾರ ಅವನು ಚಹಾಕ್ಕೆ ಬರಲಿಲ್ಲ.

ಕೊನೆಗೆ ಮಾಸ್ತರರೂ ನಾನೂ ಅವನ ಮನೆಗೆ ಹೋದಾಗ ತಿಳಿದದ್ದು, ಅವನು ದುಡಿಯುತ್ತಿದ್ದ ಕಡೆ ಮೂರು ತಿಂಗಳಿಂದ ಸಂಬಳ ನಿಂತಿತ್ತು ಮತ್ತು ಅದೇ ವಾರ ಕೆಲಸವೂ ಹೋಗಿತ್ತು. ಅವನು ನಮ್ಮನ್ನು ಬೈಯಲಿಲ್ಲ, ಅವನ ತಾಯಿ ಚಹಾ ಮಾಡಿಕೊಟ್ಟರು. ಏಳು ಬಾಳೆಹಣ್ಣಿನ ಚಿತ್ರ ಬಂದಾಗೆಲ್ಲ ಯಾರೋ ಕೆಲಸದ ಸುದ್ದಿ ಹೇಳಲು ಕಳಿಸಿದ್ದಾರೆಂದು ತಾನು ಮೊಬೈಲ್ ಎತ್ತುತ್ತಿದ್ದೆ ಎಂದಷ್ಟೇ ಹೇಳಿದ. ಆ ಮಾತು ನನ್ನಲ್ಲಿ ಇಂದಿಗೂ ಕುಳಿತಿದೆ.

ಆ ವಾರದಲ್ಲಿ ಇನ್ನೂ ಒಂದು ತಪ್ಪು ನಡೆದಿತ್ತು. 7–0 ಪಂದ್ಯದ ಹಿಂದಿನ ದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ನಮ್ಮ ರಾಜ್ಯ ಆ ಟ್ರೋಫಿಯನ್ನು ಮತ್ತೆ ಗೆದ್ದದ್ದು 54 ವರ್ಷಗಳ ಬಳಿಕ. ರವಿವಾರ ಬೆಳಿಗ್ಗೆ ನಾವು ಅದರ ಬಗ್ಗೆ ಐದು ನಿಮಿಷ ಕೂಡ ಮಾತಾಡಿರಲಿಲ್ಲ, ರಾತ್ರಿಯ ಪಂದ್ಯಕ್ಕೆ ಮಾತುಗಳನ್ನು ಮಸೆಯುತ್ತ ಕುಳಿತಿದ್ದೆವು. ಹೆಮ್ಮೆಪಡಬೇಕಾದ ದಿನವನ್ನು ಬಿಟ್ಟು ಹಂಗಿಸುವ ದಿನಕ್ಕೆ ಕಾದು ಕುಳಿತ ಕೂಟ ನಮ್ಮದಾಗಿತ್ತು.

ಮಷ್ಕಿರಿಗೆ ಹೊತ್ತು ಗೊತ್ತು

ಅಂದಿನಿಂದ ನಾವು ಪಾಲಿಸಿಕೊಂಡು ಬಂದಿರುವ ಮೊದಲ ಕಟ್ಟಳೆಯೆಂದರೆ, ಕಾಲೆಳೆಯುವುದು ಎದುರೆದುರು ಕುಳಿತಾಗ ಮಾತ್ರ. ಎದುರಿಗಿದ್ದಾಗ ಮುಖ ಕಾಣುತ್ತದೆ. ಯಾರ ನಗು ಬಾಯಲ್ಲಿದ್ದು ಕಣ್ಣಿಗೆ ಏರಲಿಲ್ಲವೋ ಅದು ಎರಡೇ ಕ್ಷಣದಲ್ಲಿ ತಿಳಿಯುತ್ತದೆ. ಮೊಬೈಲಿನ ಗುಂಪಿನಲ್ಲಿ ಪಂದ್ಯದ ಹೊತ್ತು, ಸೇರುವ ಜಾಗ, ಹಂಚಿಕೊಳ್ಳಬೇಕಾದ ಒಳ್ಳೆಯ ಗೋಲು, ಇಷ್ಟೇ ಇರಲಿ.

ಎರಡನೆಯದು, ಮಷ್ಕಿರಿ ಮೊದಲ ಸುತ್ತಿನ ಚಹಾ ಮುಗಿಯುವವರೆಗೆ. ಎರಡನೇ ಸುತ್ತು ಮನೆಯ ಮಾತಿಗೆ ಮೀಸಲು. ಯಾರೂ ಇದನ್ನು ಗಂಟೆ ಹೊಡೆದು ಸಾರುವುದಿಲ್ಲ, ಅಂಗಡಿಯ ಅಣ್ಣ ಎರಡನೇ ಸಲ ಗ್ಲಾಸು ತಂದಿಟ್ಟಾಗ ಮಾಸ್ತರರು ಯಾರಾದರೊಬ್ಬರ ಕಡೆ ತಿರುಗಿ "ಮನ್ಯಾಗ ಎಲ್ಲಾರೂ ಆರಾಮ ಅದಾರೇನು?" ಎಂದು ಕೇಳುತ್ತಾರೆ, ಅಲ್ಲಿಗೆ ಪಂದ್ಯ ಮುಗಿಯಿತು. ಈ ಪ್ರಶ್ನೆ ಬಹುಮಟ್ಟಿಗೆ ಹೆಚ್ಚು ಮಷ್ಕಿರಿ ಉಂಡವರಿಗೇ ಹೋಗುತ್ತದೆ. ಅಂದು ನಾವು ಹೀಗೆ ಕೇಳಿದ್ದರೆ ಆ ಯುವಕನ ಸಂಬಳದ ವಿಷಯ ಜನವರಿಯಲ್ಲಿಯೇ ನಮಗೆ ಗೊತ್ತಾಗುತ್ತಿತ್ತು.

ಮೂರನೆಯದು, ರೆಫರಿ ಕೊನೆಯ ಸೀಟಿ ಊದುವ ಮೊದಲು ಯಾರನ್ನೂ ಕೆಣಕಬಾರದು. 2022ರ ಡಿಸೆಂಬರ್ 18, ರವಿವಾರ ರಾತ್ರಿ 8.30ಕ್ಕೆ ಕತಾರಿನಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯ ನಮ್ಮ ಓಣಿಯಲ್ಲಿ ಅಜ್ಜಿಯರನ್ನೂ ಟಿವಿಯ ಮುಂದೆ ಕೂರಿಸಿತ್ತು. 79ನೇ ನಿಮಿಷದವರೆಗೆ ಅರ್ಜೆಂಟೀನಾ 2–0 ಮುಂದಿತ್ತು, ಫ್ರಾನ್ಸ್ ಪರವಾಗಿದ್ದ ಒಬ್ಬನೇ ಹುಡುಗನಿಗೆ ಹತ್ತು ಮಂದಿ ಸಾಂತ್ವನ ಹೇಳುವ ನೆಪದಲ್ಲಿ ಚುಚ್ಚುತ್ತಿದ್ದರು. 80 ಮತ್ತು 81ನೇ ನಿಮಿಷದಲ್ಲಿ ಫ್ರಾನ್ಸಿನ ಎಂಬಾಪೆ ಎರಡು ಗೋಲು ಹೊಡೆದಾಗ ಆ ಹತ್ತು ಮಂದಿಯ ಗಂಟಲು ಒಣಗಿತು. ಮುಂದೆ ಹೆಚ್ಚುವರಿ ಹೊತ್ತಿನಲ್ಲಿ 3–3 ಆಗಿ, ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4–2ರಿಂದ ಗೆದ್ದರೂ, ಆ ರಾತ್ರಿ ಹೆಚ್ಚು ಘನವಾಗಿ ಎದ್ದು ಹೋದವನು ಆ ಹುಡುಗನೇ. ಕೊನೆಯವರೆಗೂ ಕಾದವರ ಮಾತಿಗೆ ತೂಕ ಹೆಚ್ಚು.

ಒಳ್ಳೆಯ ಮಾತನ್ನು ಹೆಣೆಯುವುದು

ಬಹಳ ಮಂದಿ ಜೋರಾಗಿ ಕೂಗುವುದನ್ನೇ ಮಷ್ಕಿರಿ ಎಂದು ತಿಳಿದಿದ್ದಾರೆ. ಒಳ್ಳೆಯ ಮಾತಿಗೆ ಎರಡು ಕಾಲು ಬೇಕು: ಒಂದು ಪಂದ್ಯದ ಖಚಿತ ಸಂಗತಿ, ಇನ್ನೊಂದು ಕೇಳುವವರ ದಿನನಿತ್ಯದ ಬದುಕಿನ ವಸ್ತು. ಇವೆರಡರಲ್ಲಿ ಒಂದು ಕಡಿಮೆಯಾದರೂ ಮಾತು ಕುಂಟುತ್ತದೆ. "ನಿಮ್ಮ ಟೀಮ್ ಬರೇ ವೇಸ್ಟ್" ಎಂಬ ಮಾತಿನಲ್ಲಿ ಎರಡೂ ಇಲ್ಲ. ಅದಕ್ಕೆ ನಗುವುದಕ್ಕೂ ಆಗದು, ಉತ್ತರಿಸುವುದಕ್ಕೂ ಆಗದು.

ನಮ್ಮಲ್ಲಿ ಇಂದಿಗೂ ನೆನೆಯುವ ಕೆಲವು ಮಾತುಗಳನ್ನು ಹೇಳುತ್ತೇನೆ. ಬೀದರಿನಿಂದ ಬರುತ್ತಿದ್ದ ಗೆಳೆಯರೊಬ್ಬರು, ಬಾರ್ಸಿಲೋನಾ ತಂಡ 2020ರ ಆಗಸ್ಟ್ 14ರಂದು ಬಯರ್ನ್ ಮ್ಯೂನಿಕ್ ಎದುರು 8–2ರಿಂದ ಸೋತ ನಂತರ, ಬಾರ್ಸಿಲೋನಾದ ಕಟ್ಟಾ ಅಭಿಮಾನಿಯಾದ ಗ್ಯಾರೇಜಿನ ಭಾಯಿಗೆ, "ಭಾಯಿ, ನಮ್ಮ ಬೀದರ ಕೋಟಿಗಿ ಕಲ್ಲು ಕಡದು ಮೂರು ಕಂದಕ ತೋಡ್ಯಾರ, ನಿಮ್ಮ ಗೋಲಿಗಿ ಒಂದರ ತೋಡಬೇಕಿಲ್ಲೇನ್ರೀ?" ಎಂದರು. ಕೋಟೆಯ ಆ ಮೂರು ಸುತ್ತಿನ ಕಂದಕವನ್ನು ನೋಡಿದವರಿಗೆಲ್ಲ ಚಿತ್ರ ಕಣ್ಣೆದುರು ನಿಂತಿತು. ಭಾಯಿ ಚಹಾ ಗುಟುಕರಿಸಿ, "ಕಂದಕ ಇದ್ದೂ ನಿಮ್ಮ ಕೋಟಿ ಔರಂಗಜೇಬ ತಗೊಂಡಿಲ್ಲೇನ್ರೀ?" ಎಂದು ಮರುಮಾತು ಕೊಟ್ಟರು. 1657ರಲ್ಲಿ ಮೊಗಲ್ ಸೇನೆಗೆ ಕೋಟೆ ವಶವಾದದ್ದು ನಿಜವೇ ಆಗಿದ್ದರಿಂದ ಗೆಳೆಯರು ತಲೆಬಾಗಬೇಕಾಯಿತು. ಅಂದಿನ ನಗುವಿನಲ್ಲಿ ಸೋತವರು ಯಾರೆಂದು ಹೇಳುವುದು ಕಷ್ಟವಾಗಿತ್ತು, ನನಗೆ ಬೇಕಾದದ್ದು ಅಂಥ ನಗು.

ಇನ್ನೊಮ್ಮೆ ತೊಗರಿ ಕಾಕಾ ತಮ್ಮ ಆರ್ಸೆನಲ್ ತಂಡವನ್ನು ಸಮರ್ಥಿಸಿಕೊಳ್ಳುತ್ತ, "ನಮ್ಮ ತಂಡ ತೊಗರಿ ಇದ್ದಂಗ ಅದ. ಮುಂಗಾರಿಗಿ ಬಿತ್ತಿದ್ರ ಡಿಸೆಂಬರ್, ಜನವರಿ ತನಕಾ ಕಾಯಬೇಕು" ಎಂದರು. ಪದವಿ ಓದುವ ಹುಡುಗ ಮೆಲ್ಲಗೆ, "ಕಾಕಾ, ತೊಗರಿ ರಾಶಿಯರ ಆಗ್ತದ್ರೀ. ನಿಮ್ಮ ಟೀಮ್ ಜನವರಿಗೇ ಒಣಗತದ" ಎಂದ. ಕಾಕಾ ಆ ಹುಡುಗನ ಬೆನ್ನು ಚಪ್ಪರಿಸಿ ಮಿರ್ಚಿ ಭಜಿ ತರಿಸಿಕೊಟ್ಟರು, ಬಳಿಕ 2003–04ರ ಋತುವಿನಲ್ಲಿ ಅದೇ ಆರ್ಸೆನಲ್ 38 ಪಂದ್ಯಗಳಲ್ಲಿ 26 ಗೆದ್ದು, 12 ಸಮ ಮಾಡಿಕೊಂಡು, ಒಂದನ್ನೂ ಸೋಲದೆ ಲೀಗ್ ಗೆದ್ದದ್ದನ್ನು ಅರ್ಧ ತಾಸು ವಿವರಿಸಿದರು. ಆ ಹುಡುಗ ಅವರನ್ನು ಕಾಕಾ ಎಂದೇ ಕರೆದ, ರೀ ಎಂದೇ ಮಾತಾಡಿದ. ಹಿರಿಯರ ಕಾಲೆಳೆಯುವಾಗ ಬಹುವಚನವನ್ನು ಎಂದೂ ಬಿಡಬಾರದು. ಮರ್ಯಾದೆಯ ಮಾತಿನಲ್ಲಿ ಬಂದಾಗಲೇ ಮಷ್ಕಿರಿ ಹೆಚ್ಚು ಹರಿತವೂ ಹೆಚ್ಚು ಸಹ್ಯವೂ ಆಗಿರುತ್ತದೆ. ಸರೀಕರು ತಮ್ಮ ತಮ್ಮಲ್ಲಿ ಲೇ ಎಂದುಕೊಳ್ಳಲಿ, ಅದು ಅವರ ಸಲಿಗೆಗೆ ಬಿಟ್ಟದ್ದು.

ಉತ್ತರ ಕೊಡುವುದಕ್ಕೂ ಒಂದು ಕ್ರಮವಿದೆ. ಸೋತವರು ಮೊದಲು ಸೋಲನ್ನು ಒಪ್ಪಿಕೊಳ್ಳಬೇಕು. "ಹೌದ್ರೀ, ಏಳು ತಿಂದೀವಿ" ಎಂದು ತಾವೇ ಹೇಳಿಬಿಟ್ಟರೆ ಎದುರಿನವರ ಅರ್ಧ ಬಾಣ ಬತ್ತಳಿಕೆಯಲ್ಲೇ ಉಳಿಯುತ್ತದೆ. ರೆಫರಿಯನ್ನೋ ಮಳೆಯನ್ನೋ ದೂರುತ್ತ ಹೋದರೆ ಮಾತು ವಾದವಾಗುತ್ತದೆ, ವಾದವಾದ ಮೇಲೆ ನಗುವಿಗೆ ಜಾಗವಿರುವುದಿಲ್ಲ.

ಮುಟ್ಟಬಾರದ ಸಂಗತಿಗಳು

ತಂಡದ ಆಟ, ತರಬೇತುದಾರರ ತೀರ್ಮಾನ, ದುಬಾರಿ ಬೆಲೆಗೆ ತಂದ ಆಟಗಾರ, ನಾವೇ ಹಿಂದಿನ ವಾರ ಹೇಳಿದ ಭವಿಷ್ಯ, ಇವೆಲ್ಲ ಮಷ್ಕಿರಿಗೆ ಒದಗುವ ಸರಕು. ಒಬ್ಬರ ಜಾತಿ, ಧರ್ಮ, ಮೈಬಣ್ಣ, ಮನೆಯ ಸ್ಥಿತಿ, ಕೆಲಸ ಹಾಗೂ ಮಾತಿನ ಧಾಟಿ ಅಲ್ಲಿಗೆ ಬರಲೇಬಾರದು. ಮಾತಿನ ಧಾಟಿಯನ್ನು ಬೇರೆಯಾಗಿ ಹೇಳಲು ಕಾರಣವಿದೆ. ನಮ್ಮ ಕೂಟದಲ್ಲಿ ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ದಖ್ಖನಿ ಉರ್ದು, ಬೀದರಿನ ಕಡೆಯವರಿಗೆ ಮರಾಠಿ, ಯಾದಗಿರಿಯ ಗಡಿಯವರಿಗೆ ತೆಲುಗು ಬಳಕೆಯಲ್ಲಿದೆ. ದಕ್ಷಿಣದ ಊರುಗಳಿಗೆ ಹೋದಾಗ ನಮ್ಮ ಕನ್ನಡವನ್ನು ಯಾರಾದರೂ ಅಣಕಿಸಿದರೆ ಎಷ್ಟು ನೋವಾಗುತ್ತದೆ ಎಂದು ಬಲ್ಲ ನಾವು, ನಮ್ಮ ಬೆಂಚಿನ ಮೇಲೆ ಇನ್ನೊಬ್ಬರ ಉಚ್ಚಾರವನ್ನು ಅಣಕಿಸುವುದು ಯಾವ ನ್ಯಾಯ?

ಆಟಗಾರರ ವಿಷಯದಲ್ಲಿಯೂ ಗೆರೆ ಇರಲಿ. 2021ರ ಜುಲೈ 11ರಂದು ಯುರೋಪಿನ ದೇಶಗಳ ಪಂದ್ಯಾವಳಿಯಾದ ಯುರೋದ ಅಂತಿಮ ಪಂದ್ಯದಲ್ಲಿ ಇಟಲಿಯ ಎದುರು ಪೆನಾಲ್ಟಿಯನ್ನು ಗೋಲಾಗಿಸಲಾಗದ ಇಂಗ್ಲೆಂಡಿನ ಮೂವರು ಯುವ ಆಟಗಾರರಾದ ರ‍್ಯಾಶ್‌ಫರ್ಡ್, ಸ್ಯಾಂಚೊ ಮತ್ತು ಸಾಕಾ ಅವರ ಮೇಲೆ ಬಣ್ಣದ ಕಾರಣಕ್ಕಾಗಿ ಬೈಗುಳದ ಸುರಿಮಳೆಯಾಯಿತು. ಪೆನಾಲ್ಟಿ ಹೇಗೆ ಹೊಡೆದರೆಂದು ಎಷ್ಟಾದರೂ ಚರ್ಚಿಸಬಹುದು, ಹೊಡೆದವರ ಬಣ್ಣವನ್ನು ಆಡುವುದು ಹೀನತನ. ಕೊಲಂಬಿಯಾದ ಆಂದ್ರೆಸ್ ಎಸ್ಕೋಬಾರ್ 1994ರ ಜೂನ್ 22ರಂದು ಅಮೆರಿಕದ ಎದುರು ತಮ್ಮದೇ ಗೋಲಿಗೆ ಚೆಂಡು ತಾಗಿಸಿದರು. ಹತ್ತು ದಿನಗಳ ನಂತರ, ಜುಲೈ 2ರಂದು, ತಮ್ಮ ಊರಾದ ಮೆಡೆಯಿನ್‌ನಲ್ಲಿ ಗುಂಡೇಟಿಗೆ ಬಲಿಯಾದರು. ಸ್ವಂತ ಗೋಲಿನ ಬಗ್ಗೆ ಮಿತಿಮೀರಿ ಆಡುವ ಹೊಸಬರಿಗೆ ಮಾಸ್ತರರು ಈ ಸಂಗತಿಯನ್ನು ಹೇಳುತ್ತಾರೆ, ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ.

ಸಾವಿನ ಸಂಗತಿಗಳನ್ನು ಎಂದೂ ತರಬಾರದು. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿದ್ದ ವಿಮಾನ ಅಪಘಾತಕ್ಕೀಡಾಗಿ 23 ಮಂದಿ ತೀರಿಹೋದರು, ಅವರಲ್ಲಿ ಎಂಟು ಮಂದಿ ಆಟಗಾರರು. 1989ರ ಏಪ್ರಿಲ್ 15ರ ಹಿಲ್ಸ್‌ಬರೋ ನೂಕುನುಗ್ಗಲಿನಿಂದ ಲಿವರ್‌ಪೂಲಿನ 97 ಬೆಂಬಲಿಗರು ಪ್ರಾಣ ಕಳೆದುಕೊಂಡರು. ಈ ಎರಡು ಊರುಗಳ ಕೆಲವು ಬೆಂಬಲಿಗರು ಒಬ್ಬರಿಗೊಬ್ಬರು ಈ ಸಾವುಗಳನ್ನೇ ಹಾಡಾಗಿ ಕೂಗಿದ್ದುಂಟು, ಅಂಥವರ ಮೇಲೆ ಈಗ ಇಂಗ್ಲೆಂಡಿನಲ್ಲಿ ಕ್ರೀಡಾಂಗಣ ಪ್ರವೇಶದ ನಿಷೇಧವೂ ಕಾನೂನಿನ ಕ್ರಮವೂ ನಡೆಯುತ್ತದೆ. ನಮ್ಮ ಹುಡುಗರು ಅಂತರ್ಜಾಲದಲ್ಲಿ ಕಂಡ ಇಂಥ ಮಾತನ್ನು ಅರ್ಥ ತಿಳಿಯದೆ ಇಲ್ಲಿ ತಂದು ಆಡುತ್ತಾರೆ. ಗದರಿಸದೆ, ಅಲ್ಲಿ ನಿಜವಾಗಿ ನಡೆದದ್ದೇನೆಂದು ಕೂರಿಸಿ ಹೇಳಿದರೆ ಅವರು ಮತ್ತೆ ಆಡುವುದಿಲ್ಲ.

ಹಣದ ಪಂಥವನ್ನೂ ಹೊರಗಿಡಿರಿ. ನಮ್ಮಲ್ಲಿ ಸೋತವರು ಒಂದು ತಟ್ಟೆ ಮಿರ್ಚಿ ಭಜಿಯನ್ನೋ ಸುಸಲಾವನ್ನೋ ತರಿಸಬೇಕು, ಅದಕ್ಕಿಂತ ಹೆಚ್ಚಿನದಕ್ಕೆ ಅವಕಾಶವಿಲ್ಲ. ಓದುವ ಹುಡುಗರು ಸೋತರೆ ಅದೂ ಇಲ್ಲ. ಅಂಗಡಿಯವರ ಲೆಕ್ಕ ಅಂದಂದೇ ತೀರಿಸಿ, ಬೇರೆ ಗಿರಾಕಿಗಳಿಗೆ ಬೆಂಚು ಬಿಟ್ಟು ಕೊಡಬೇಕು. ರಂಜಾನ್ ತಿಂಗಳಲ್ಲಿ ನಾವು ಬೆಳಗಿನ ಕೂಟವನ್ನು ನಿಲ್ಲಿಸಿ, ತರಾವೀಹ್ ನಮಾಜು ಮುಗಿದ ಮೇಲೆ ರಾತ್ರಿ ಸೇರುತ್ತೇವೆ. ಶ್ರಾವಣದಲ್ಲಿ ಎಲ್ಲರೂ ತಿನ್ನಬಹುದಾದುದನ್ನೇ ತರಿಸುತ್ತೇವೆ.

"ನಮಗೂ ಈ ಆಟಕ್ಕೂ ಏನು ಸಂಬಂಧ?" ಎನ್ನುವವರಿಗೆ

ಕ್ರಿಕೆಟ್ ಪ್ರಿಯರಾದ ಹಿರಿಯರು ಬೆಂಚಿನ ಪಕ್ಕದಲ್ಲಿ ನಿಂತು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಇದಕ್ಕೆ ಕೊಡಬಹುದಾದ ಉತ್ತರ ನಮ್ಮ ನೆಲದಲ್ಲಿಯೇ ಇದೆ, ಅದನ್ನು ಹೇಳುವಾಗ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ. 1956ರ ಅಕ್ಟೋಬರ್ 31ರವರೆಗೆ ಕಲಬುರಗಿ, ಬೀದರಗಳು ಹೈದರಾಬಾದ್ ರಾಜ್ಯದಲ್ಲಿದ್ದವು, ಆ ಕಾಲದ ಹೈದರಾಬಾದ್ ಭಾರತದ ಫುಟ್‌ಬಾಲಿನ ರಾಜಧಾನಿಗಳಲ್ಲಿ ಒಂದಾಗಿತ್ತು. ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ಹೆಸರಾಂತ ಪಂದ್ಯಾವಳಿಯಾದ ರೋವರ್ಸ್ ಕಪ್ ಗೆದ್ದಿತು. ಅದೇ ರಹೀಮ್ ಸಾಹೇಬರು ತರಬೇತಿ ನೀಡಿದ ಭಾರತ ತಂಡ 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತಾದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಾದಾಗ, 1956ರ ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅವರ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು, ಭಾರತ ನಾಲ್ಕನೇ ಸ್ಥಾನ ಪಡೆಯಿತು.

ಇತ್ತ ಮೈಸೂರು ರಾಜ್ಯವೂ ಕಡಿಮೆಯದಾಗಿರಲಿಲ್ಲ. 1946–47, 1952–53, 1967–68 ಮತ್ತು 1968–69ರಲ್ಲಿ ಅದು ಸಂತೋಷ್ ಟ್ರೋಫಿ ಗೆದ್ದಿತ್ತು. 2023ರ ರಿಯಾದ್ ಗೆಲುವು ಆ ಸಾಲಿನ ಐದನೆಯದು. ಹೈದರಾಬಾದ್ ತಂಡ ಅದೇ ಟ್ರೋಫಿಯನ್ನು 1956–57 ಮತ್ತು 1957–58ರಲ್ಲಿ ಗೆದ್ದಿತ್ತು. ಕಲ್ಯಾಣ ಕರ್ನಾಟಕದವರಾದ ನಾವು ಈ ಎರಡು ಮನೆತನಗಳ ಹೆಮ್ಮೆಗೂ ಹಕ್ಕುದಾರರು. ಬೆಂಗಳೂರಿನವರಿಗಾಗಲಿ ಹೈದರಾಬಾದಿನವರಿಗಾಗಲಿ ಸಿಗದ ಭಾಗ್ಯವಿದು ಎಂದು ನಾನು ಮನಸಾರೆ ನಂಬಿದ್ದೇನೆ. ದೂರದ ತಂಡಗಳ ಜೊತೆಗೆ, 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗಾದ ಐ-ಲೀಗ್ ಗೆದ್ದು, 2018–19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದ ಬೆಂಗಳೂರು ಎಫ್‌ಸಿ ತಂಡಕ್ಕೂ ಕೂಟದಲ್ಲಿ ಒಂದು ಪಾಲು ಇಡಿರಿ. ತನ್ನ ನಾಡಿನ ತಂಡದ ಸೋಲಿಗೆ ಎಲ್ಲರೂ ಒಟ್ಟಿಗೆ ಬೇಸರಪಡುವ ದಿನವೂ ಕೂಟಕ್ಕೆ ಬೇಕು.

ಹೀಗೆ ಒಲಿದು ಬಂದ ಹೊಸಬರಿಗೆ ಆಫ್‌ಸೈಡ್ ತಿಳಿಸಿಕೊಡದಿದ್ದರೆ ಅವರು ಅರ್ಧ ಮಾತಿನಲ್ಲಿ ಹೊರಗುಳಿಯುತ್ತಾರೆ. ಬೆಂಚಿನ ಮೇಲೆ ಚಹಾದ ಗ್ಲಾಸುಗಳನ್ನಿಟ್ಟು ತೋರಿಸುವುದು ಎಲ್ಲಕ್ಕಿಂತ ಸುಲಭ. ಬೆಂಚಿನ ತುದಿಯೇ ಗೋಲಿನ ಗೆರೆ, ಅಲ್ಲೊಂದು ಗ್ಲಾಸು ಗೋಲ್‌ಕೀಪರ್, ಅದರ ಮುಂದೆ ಇನ್ನೊಂದು ಗ್ಲಾಸು ರಕ್ಷಣೆಯ ಆಟಗಾರ, ಬೆಂಕಿಪೊಟ್ಟಣ ನಮ್ಮ ಮುನ್ನುಗ್ಗುವ ಆಟಗಾರ, ಸಕ್ಕರೆಯ ಚಮಚ ಚೆಂಡು. ನಮ್ಮವರು ಚೆಂಡನ್ನು ಒದ್ದ ಆ ಕ್ಷಣದಲ್ಲಿ, ಎದುರಾಳಿಯ ಅರ್ಧ ಅಂಗಳದಲ್ಲಿ, ಬೆಂಕಿಪೊಟ್ಟಣವು ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಗೋಲಿನ ಗೆರೆಗೆ ಹತ್ತಿರವಿದ್ದು, ಬಳಿಕ ಆಟದಲ್ಲಿ ಪಾಲ್ಗೊಂಡರೆ ಅದು ಆಫ್‌ಸೈಡ್. ಥ್ರೋ-ಇನ್, ಗೋಲ್ ಕಿಕ್ ಮತ್ತು ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಈ ನಿಯಮವಿಲ್ಲ. ಎರಡು ಸಲ ಗ್ಲಾಸು ಸರಿಸಿ ತೋರಿಸಿದರೆ ಎಂಟು ವರ್ಷದ ಮಕ್ಕಳೂ ಹಿಡಿಯುತ್ತಾರೆ.

ಭವಿಷ್ಯದ ವಹಿ

ಕೊನೆಯದಾಗಿ, ನಮ್ಮ ಕೂಟವನ್ನು ಎಲ್ಲಕ್ಕಿಂತ ಹೆಚ್ಚು ಕಾಪಾಡಿದ ಒಂದು ವಸ್ತುವಿನ ಬಗ್ಗೆ ಹೇಳಬೇಕು. ತೊಗರಿ ಕಾಕಾ ತಮ್ಮ ಅಂಗಡಿಯಿಂದ ಕೆಂಪು ರಟ್ಟಿನ ಒಂದು ಖಾತೆ ವಹಿ ತಂದುಕೊಟ್ಟಿದ್ದಾರೆ. ಆಗಸ್ಟಿನಲ್ಲಿ ಇಂಗ್ಲೆಂಡಿನ ಲೀಗ್ ಆರಂಭವಾಗುವ ಮೊದಲು ಪ್ರತಿಯೊಬ್ಬರೂ ಅದರಲ್ಲಿ ಯಾರು ಗೆಲ್ಲುತ್ತಾರೆ, ಯಾರು ಕೆಳಗಿನ ದರ್ಜೆಗೆ ಇಳಿಯುತ್ತಾರೆ, ತಮ್ಮ ತಂಡ ಎಷ್ಟನೇ ಸ್ಥಾನದಲ್ಲಿ ನಿಲ್ಲುತ್ತದೆ ಎಂದು ತಮ್ಮ ಕೈಯಾರೆ ಬರೆದು ಸಹಿ ಮಾಡಬೇಕು. ಮೇ ತಿಂಗಳಲ್ಲಿ ಲೀಗಿನ ಕೊನೆಯ ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಮಾಸ್ತರರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಇದರ ಗುಣವೇನೆಂದರೆ, ಆ ದಿನದ ಮಷ್ಕಿರಿಯ ಸರಕನ್ನು ಪ್ರತಿಯೊಬ್ಬರೂ ತಾವೇ ತಂದುಕೊಟ್ಟಿರುತ್ತಾರೆ ಮತ್ತು ಪಾರಾಗುವವರು ಯಾರೂ ಇರುವುದಿಲ್ಲ. ಹಿಂದಿನ ಋತುವಿನಲ್ಲಿ 14ನೇ ಸ್ಥಾನದಲ್ಲಿ ನಿಂತಿದ್ದ ಲೆಸ್ಟರ್ ಸಿಟಿ 2015–16ರ ಲೀಗನ್ನು ಗೆಲ್ಲುತ್ತದೆ ಎಂದು ನಮ್ಮ ವಹಿಯಲ್ಲಿ ಒಬ್ಬರೂ ಬರೆದಿರಲಿಲ್ಲ. 2022ರ ನವೆಂಬರ್ 22ರಂದು ಅರ್ಜೆಂಟೀನಾ ಸೌದಿ ಅರೇಬಿಯಾಕ್ಕೆ 2–1ರಿಂದ ಸೋತ ಸಂಜೆ "ಇವರು ಇನ್ನು ಮನೆಗೆ" ಎಂದು ಐದು ಮಂದಿ ವಹಿಯ ಅಂಚಿನಲ್ಲಿ ಬರೆದು ಸಹಿ ಹಾಕಿದ್ದರು, ಆ ಐದರಲ್ಲಿ ನನ್ನ ಸಹಿಯೂ ಇದೆ.

ಯುನೈಟೆಡ್ ಬೆಂಬಲಿಸುವ ಆ ಯುವಕ 2023ರ ಆಗಸ್ಟಿನಲ್ಲಿ ಹೊಸ ಪುಟದ ಮೊದಲ ಸಾಲನ್ನು ಬರೆದ. ಅಷ್ಟರಲ್ಲಿ ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು, ಭಾಯಿಯ ಪರಿಚಯದವರೊಬ್ಬರು ಎರಡನೇ ಚಹಾದ ಹೊತ್ತಿಗೆ ಹೇಳಿದ ಸುದ್ದಿಯಿಂದ ಸಿಕ್ಕ ಕೆಲಸ ಅದು. ವಹಿಯನ್ನು ಅಂಗಡಿಯ ಅಣ್ಣ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸಕ್ಕರೆ ಡಬ್ಬಿಯ ಮೇಲಿನ ಹಲಗೆಯ ಮೇಲೆ ಇಟ್ಟಿರುತ್ತಾರೆ, ಮೇ ತಿಂಗಳವರೆಗೆ ಯಾರು ಕೇಳಿದರೂ ಕೊಡುವುದಿಲ್ಲ.